ಹೋಗ್ಬರ್ತೀನಿ ಅನ್ನೋಕಾಗದ ಹೊತ್ತು

ನಮ್ಮ ಹಾಸನದ ಕಡೆ ಹೊಸಿಲು ದಾಟೋರು "ಹೋಗ್ತೀನಿ" ಅನ್ನಲ್ಲ. ಪಕ್ಕದ ಬೀದಿಗೆ ಉಪ್ಪು ತರೋಕೆ ಹೊರಟರೂ "ಹೋಗ್ಬರ್ತೀನಿ" ಅನ್ನಬೇಕು, ಒಳಗಿದ್ದೋರು "ಹೋಗ್ಬನ್ನಿ" ಅನ್ನಬೇಕು. ಬಾಯಿ ತಪ್ಪಿ "ಹೋಗ್ತೀನಿ" ಅಂದರೆ ಅಜ್ಜಿಯರು "ಬಿಡ್ತು ಅನ್ನು" ಅಂತ ಗದರಿಸ್ತಾರೆ. ಗಂಡನ ಮನೆಗೆ ಹೋಗೋ ಮಗಳಿಗೂ, ಮಿಲಿಟರಿಗೆ ಹೋಗೋ ಮಗನಿಗೂ ಇದೇ ಮಾತು ಸಾಕಾಗುತ್ತೆ. ಸಾಕಾಗದೆ ಇರೋದು ಒಂದು ಗುಂಪಿನವರಿಗೆ. ಇಪ್ಪತ್ತು ಮೂವತ್ತು ವರ್ಷ ಪರದೇಶದಲ್ಲಿ ಮಿಷನ್ ಸೇವೆ ಮಾಡಿ, ಮತ್ತೆ ಬರೋದಿಲ್ಲ ಅಂತ ಗೊತ್ತಿದ್ದೇ ಹೊರಡೋ ಫಾದರ್‌ಗಳು, ಸಿಸ್ಟರ್‌ಗಳು, ಡಾಕ್ಟರಮ್ಮಂದಿರು, ಅಯ್ನೋರು. ಇವರು "ಹೋಗ್ಬರ್ತೀನಿ" ಅಂದರೆ ಸುಳ್ಳು, "ಹೋಗ್ತೀನಿ" ಅಂದರೆ ಅಪಶಕುನ. ಹಾಗಾಗಿ ಬಹಳ ಜನ ಎರಡನ್ನೂ ಬಿಟ್ಟು, ಮೈಕಿನ ಮುಂದೆ ನಿಂತು "ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು" ಅಂತ ಹೇಳಿ ಜೀಪು ಹತ್ತುತ್ತಾರೆ. ಅಷ್ಟು ವರ್ಷದ ಬಾಳಿಗೆ ಆ ಮೂರು ಪದ ಹೇಗೆ ಸಾಲುತ್ತೆ ಅನ್ನೋದೇ ತಲೆಯಲ್ಲಿ ಕೊರೆಯೋ ಪ್ರಶ್ನೆ.

ಹಿಂದೆ ಹೀಗೆ ಹೊರಡುತ್ತಿದ್ದವರು ಫ್ರಾನ್ಸಿಗೋ ಇಂಗ್ಲೆಂಡಿಗೋ ಹೋಗೋರು. ಈಗ ದಿಕ್ಕು ಬದಲಾಗಿದೆ. ನಮ್ಮ ಊರುಗಳ ಹೆಣ್ಣುಮಕ್ಕಳು ಸಿಸ್ಟರ್‌ಗಳಾಗಿ ತಾಂಜಾನಿಯಾ, ಕೀನ್ಯಾ ಅಂತ ಹೋಗಿ, ಅರವತ್ತೈದು ಎಪ್ಪತ್ತರ ಹೊತ್ತಿಗೆ ವಾಪಸ್ ಬರ್ತಾರೆ. ಅಲ್ಲಿನ ಸ್ವಾಹಿಲಿಯಲ್ಲಿ ವಿದಾಯಕ್ಕೆ "ಕ್ವಾಹೆರಿ" ಅಂತಾರೆ. ಮತ್ತೆ ಸಿಗೋಣ ಅನ್ನೋ ಅರ್ಥ ಬೇಕಾದರೆ "ಕ್ವಾಹೆರಿ ಯಾ ಕುಓನಾನಾ" ಅಂತ ಸೇರಿಸ್ತಾರೆ. ಅಂದರೆ ಅವರಿಗೆ ಎರಡು ಬಗೆಯ ವಿದಾಯ ಉಂಟು. ನಮಗೆ ಒಂದೇ.

ಸಾತಳ್ಳಿಯಿಂದ ಹೊರಟ ದೊಡ್ಡಸ್ವಾಮಿಯವರು

ಈ ಜಿಲ್ಲೆಯಲ್ಲಿ ಮಿಷನರಿ ಹೊರಟುಹೋದ ಮಾತು ಬಂದರೆ ಮೊದಲು ನೆನಪಾಗಬೇಕಾದೋರು ಅಬ್ಬೆ ದ್ಯುಬುವಾ ಅನ್ನೋ ಕಥೋಲಿಕ ಗುರು. ಫ್ರಾನ್ಸಿನಿಂದ 1792ರಲ್ಲಿ ಬಂದವರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಇಲ್ಲಿಯವರಂತೆ ಬಟ್ಟೆ ತೊಟ್ಟು, ಇಲ್ಲಿಯವರಂತೆ ಉಂಡು ಬಾಳಿದ್ದಕ್ಕೆ ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ, 1803-04ರಲ್ಲಿ, 25,432 ಜನಕ್ಕೆ ಚುಚ್ಚಿಸಿದ ಲೆಕ್ಕ ಅವರ ಹೆಸರಲ್ಲಿದೆ. ಗತಿಯಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಹಿಂದೂ ಜನಜೀವನದ ಬಗ್ಗೆ ಬರೆದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ನಕ್ಷತ್ರ ವರಹ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕೊಂಡಿತು. 1823ರ ಜನವರಿಯಲ್ಲಿ ಹಡಗು ಹತ್ತಿದವರು ಮತ್ತೆ ಬರಲಿಲ್ಲ, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಅವರ ವಿದಾಯದಲ್ಲಿ ಕಹಿಯೂ ಇತ್ತು. ಹೊರಟ ವರ್ಷವೇ ಅಚ್ಚಾದ ಅವರ ಪತ್ರಗಳಲ್ಲಿ, ಈ ದೇಶದಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡೋದು ಆಗದ ಕೆಲಸ ಅಂತ ಖಡಾಖಂಡಿತವಾಗಿ ಬರೆದರು. ಅವತ್ತಿನ ಬೇರೆ ಮಿಷನರಿಗಳಿಗೆ ಅದು ಬೆನ್ನಿಗೆ ಚೂರಿ ಹಾಕಿದಂತೆ ಕಂಡಿತು. ಮೂವತ್ತೊಂದು ವರ್ಷದ ಕೊನೆಗೆ ಸೋತೆ ಅಂತ ಬರೆದವರ ಕೃತಜ್ಞತೆಯನ್ನು ಎಲ್ಲಿ ಹುಡುಕೋದು? ಆ ಪತ್ರಗಳಲ್ಲಂತೂ ಅಲ್ಲ. ಲಸಿಕೆಯ ಲೆಕ್ಕದ ಕೊನೆಯ ಎರಡು ಅಂಕಿಯನ್ನು ನೋಡಿ. ಇಪ್ಪತ್ತೈದು ಸಾವಿರ ಚಿಲ್ಲರೆ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು, ಮೂವತ್ತೆರಡನೆಯವರ ತನಕ ಎಣಿಸಿದ್ದಾರೆ. ಜನರನ್ನು ಒಬ್ಬೊಬ್ಬರಾಗಿ ಎಣಿಸಿದವರ ಮನಸ್ಸು, ಅವರು ಬರೆದ ತೀರ್ಪಿಗಿಂತ ಬೇರೆಯೇ ಇದ್ದಿರಬೇಕು ಅನ್ನೋದು ನನ್ನ ಊಹೆ.

ಇದೇ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಇಗರ್ಜಿ (ಚರ್ಚು) ಹೇಮಾವತಿ ಹಿನ್ನೀರಲ್ಲಿ ಮುಳುಗೋದನ್ನ ಫೋಟೋ ತೆಗೆಯೋಕೆ ಪ್ರತಿ ಮಳೆಗಾಲ ಬೆಂಗಳೂರಿಂದ ಕಾರುಗಳು ಬರ್ತವೆ. ದೊಡ್ಡಸ್ವಾಮಿಯವರ ಹೊಲಗಳನ್ನ ನೋಡೋಕೆ ಯಾರೂ ಬರಲ್ಲ. ಹೊಲದಲ್ಲಿ ಫೋಟೋಗೆ ಸಿಗೋದು ಏನಿರುತ್ತೆ, ರಾಗಿ.

ಬೀಳ್ಕೊಡುಗೆ ಸಭೆ

ದೇವಸ್ಥಾನದ ಟ್ರಸ್ಟಿಗಾಗಲಿ, ಹೈಸ್ಕೂಲ್ ಮೇಷ್ಟ್ರಿಗಾಗಲಿ, ಸಿಸ್ಟರಿಗಾಗಲಿ, ನಮ್ಮಲ್ಲಿ ಬೀಳ್ಕೊಡುಗೆಯ ಅಚ್ಚು ಒಂದೇ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಹಣ್ಣಿನ ಬುಟ್ಟಿ, ಚೌಕಟ್ಟು ಹಾಕಿಸಿದ ಸನ್ಮಾನಪತ್ರ, ಏಳೆಂಟು ಭಾಷಣ, ವಂದನಾರ್ಪಣೆ, ಉಪ್ಪಿಟ್ಟು ಕೇಸರಿಬಾತು. ಮುಖ್ಯ ವ್ಯಕ್ತಿಗೆ ಮಾತು ಸಿಗೋ ಹೊತ್ತಿಗೆ ಹಿಂದಿನ ಸಾಲಿನ ಮಕ್ಕಳು ನಿದ್ದೆ ಹೋಗಿರ್ತಾರೆ, ಅಡುಗೆಯವರು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಿರ್ತಾರೆ. ಈ ಸಭೆಯ ಕೆಟ್ಟ ಗುಣ ಏನು ಅಂದರೆ, ಕೃತಜ್ಞತೆ ಒಂದೇ ದಿಕ್ಕಿಗೆ ಹರಿಯುತ್ತೆ. ಇಡೀ ಊರು ಕೊಟ್ಟಿದ್ದನ್ನ ಪಡೆದುಕೊಂಡ ಮನುಷ್ಯ ವೇದಿಕೆ ಮೇಲೆ ಕೂತು ಮತ್ತೆ ಪಡೆದುಕೊಳ್ತಾನೇ ಇರ್ತಾರೆ. ಹೊರಡೋರು ಎಷ್ಟೇ ವಿನಯವಂತರಾಗಿದ್ದರೂ ಆ ಕುರ್ಚಿ ಅವರನ್ನ ದಾನಿಯನ್ನಾಗಿ ಮಾಡಿಬಿಡುತ್ತೆ.

ಹೋಲಿಸೋಕೆ ಹಳೆಯದೊಂದು ಬೀಳ್ಕೊಡುಗೆ ಇದೆ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಇಪ್ಪತ್ತನೇ ಅಧ್ಯಾಯ. ಊರೂರು ತಿರುಗಿ ಯೇಸುವಿನ ಮಾತು ಸಾರುತ್ತಿದ್ದ ಪೌಲ ಮಿಲೇತದಲ್ಲಿ ಹಡಗು ನಿಲ್ಲಿಸಿ ಎಫೆಸದ ಸಭೆಯ ಹಿರಿಯರನ್ನ ಕರೆಸಿಕೊಳ್ತಾನೆ. ಇನ್ನು ನನ್ನ ಮುಖ ನೀವು ನೋಡೋದಿಲ್ಲ ಅಂತ ನೇರವಾಗೇ ಹೇಳ್ತಾನೆ, ಸುತ್ತಿ ಬಳಸಿ ಅಲ್ಲ. ಆಮೇಲೆ ಮಾಡೋದು ಒಂಥರಾ ಲೆಕ್ಕ ಒಪ್ಪಿಸೋ ಕೆಲಸ: ಮೂರು ವರ್ಷ ಇದ್ದೆ, ಯಾರ ಬೆಳ್ಳಿ ಬಂಗಾರಕ್ಕೂ ಬಟ್ಟೆಗೂ ಆಸೆಪಡಲಿಲ್ಲ, ನನ್ನ ಖರ್ಚನ್ನೂ ಜೊತೆಗಿದ್ದವರ ಖರ್ಚನ್ನೂ ಈ ಕೈಗಳೇ ದುಡಿದು ನೋಡಿಕೊಂಡವು. ಮಾತು ಮುಗಿದ ಮೇಲೆ ಎಲ್ಲರೂ ಮೊಣಕಾಲೂರಿ ಪ್ರಾರ್ಥನೆ ಮಾಡ್ತಾರೆ, ಕುತ್ತಿಗೆಗೆ ಬಿದ್ದು ಅಳ್ತಾರೆ, ಹಡಗಿನ ತನಕ ಕಳಿಸಿಕೊಡೋಕೆ ಬರ್ತಾರೆ. ಹಾರ ಇಲ್ಲ, ಸನ್ಮಾನಪತ್ರ ಇಲ್ಲ. ಮತ್ತೆ ನೋಡಲ್ಲ ಅನ್ನೋ ಮಾತೇ ಅವರಿಗೆ ಎಲ್ಲಕ್ಕಿಂತ ನೋವು ಕೊಟ್ಟಿತು ಅಂತ ಬರೆದವನು ಪ್ರತ್ಯೇಕವಾಗಿ ಹೇಳ್ತಾನೆ. ಹಾಗೆ ಅಳೋಕೆ ಅವಕಾಶ ಸಿಕ್ಕಿದ್ದು ಅವನು ಮೊದಲೇ ನಿಜ ಹೇಳಿದ್ದಕ್ಕೆ. ನಮ್ಮ ಸಭೆಗಳಲ್ಲಿ "ಮತ್ತೆ ಬರ್ತಾ ಇರಿ ಸಿಸ್ಟರ್" ಅಂತ ಹತ್ತು ಜನ ಹೇಳಿ, ಅವರು ಹತ್ತು ಸಲ ನಕ್ಕು, ಅಳುವಿನ ಜಾಗವನ್ನ ಮುಚ್ಚಿಬಿಡ್ತೀವಿ.

ಸಭೆ ಬೇಡ ಅಂತಲ್ಲ, ಜನಕ್ಕೆ ಅದು ಬೇಕು. ಆದರೆ ಹೊರಡೋ ದಿನ ಇಡಬಾರದು, ಒಂದು ವಾರ ಮುಂಚೆ ಮುಗಿಸಬೇಕು. ಅವತ್ತು ಹೊರಡೋರಿಗೆ ಮೊದಲು ಮೈಕ್ ಕೊಟ್ಟು, ಅವರು ಹೆಸರು ಹಿಡಿದು ವಂದಿಸಿದ ಮೇಲೆ ಉಳಿದವರು ಮಾತಾಡಲಿ. ಹೆಸರು ಹಿಡಿದು ಅನ್ನೋದು ಮುಖ್ಯ. ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೇ ಅಧ್ಯಾಯ ಬರೀ ಹೆಸರು: ಫೊಯಿಬೆ, ಪ್ರಿಸ್ಕ, ಅಕ್ವಿಲ, ತನಗೂ ತಾಯಿಯಾಗಿದ್ದ ರೂಫನ ತಾಯಿ. ನಡುವೆ ಪತ್ರ ಬರೆದುಕೊಳ್ತಿದ್ದ ತೆರ್ತ್ಯನೂ ತಲೆ ಎತ್ತಿ ನಾನೂ ವಂದಿಸ್ತೀನಿ ಅಂತ ಒಂದು ಸಾಲು ಹಾಕ್ತಾನೆ. ನಮ್ಮ ಮಿಷನ್ ಚರಿತ್ರೆಗಳಲ್ಲಿ ದೊರೆ, ದೊರೆಸಾನಿಯರ ಹೆಸರು ದಪ್ಪ ಅಕ್ಷರದಲ್ಲಿ ಇರ್ತವೆ. ಅವರಿಗೆ ಕನ್ನಡ ಕಲಿಸಿದ ಮುನ್ಷಿ, ಕಾಲರಾ ಬಂದಾಗ ಜೊತೆಗೆ ನಿಂತ ಕಾಂಪೌಂಡರ್, ಬೈಬಲ್ ಓದಿ ಹೇಳ್ತಾ ಹಳ್ಳಿ ಹಳ್ಳಿ ತಿರುಗಿದ ಬೈಬಲ್ ಹೆಂಗಸು, ಅಡುಗೆಯವರು, ಇವರೆಲ್ಲ "ಸ್ಥಳೀಯ ಸಹಾಯಕರು" ಅನ್ನೋ ಒಂದು ಪದದೊಳಗೆ ಸೇರಿಹೋಗಿದ್ದಾರೆ.

ಕೊನೇ ಕೊಯ್ಲು

ಮಲೆನಾಡಿನ ತೋಟದವರಿಗೆ ಈ ಸಂಗತಿ ಬೇರೆ ರೀತಿ ಹೇಳಬಹುದು. ಕಾಫಿ ಕೊಯ್ಲು ಒಂದೇ ಸಲಕ್ಕೆ ಮುಗಿಯೋದಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನ ಬಿಡಿಸೋ ಫ್ಲೈ ಪಿಕ್ಕಿಂಗ್, ಆಮೇಲೆ ದೊಡ್ಡ ಕೊಯ್ಲು, ಕೊನೆಗೆ ಸ್ಟ್ರಿಪ್ಪಿಂಗ್. ಸ್ಟ್ರಿಪ್ಪಿಂಗಲ್ಲಿ ಹಸಿರು, ಒಣಗಿದ್ದು, ಅರೆಬರೆ, ಏನಿದ್ದರೂ ಗಿಡದಲ್ಲಿ ಬಿಡಬಾರದು. ನೆಲಕ್ಕೆ ಉದುರಿದ್ದನ್ನೂ ಆಯಬೇಕು. ಸಿಗೋ ದುಡ್ಡಿಗೆ ಕೂಲಿಯೂ ಗಿಟ್ಟಲ್ಲ, ಆದರೂ ಮಾಡಿಸ್ತಾರೆ. ಯಾಕೆ ಅಂದರೆ ಉಳಿದ ಹಣ್ಣಿನೊಳಗೆ ಕಾಯಿ ಕೊರೆಯೋ ಬೆರ್ರಿ ಬೋರರ್ ಹುಳ ಬೇಸಿಗೆ ಕಳೆದು, ಮುಂದಿನ ಫಸಲು ಕಾಯಿ ಕಟ್ಟೋ ಹೊತ್ತಿಗೆ ಎದ್ದು ಬರುತ್ತೆ. (ಹೊಲದ ಮೂಲೆಯನ್ನ ಬಡವರಿಗೆ ಬಿಡು ಅಂತ ಬೈಬಲಿನ ಯಾಜಕಕಾಂಡ ಹೇಳುತ್ತೆ. ಅದು ಜವೆಗೋಧಿಯ ಹೊಲ. ಆ ಕಟ್ಟಳೆ ಕೊಟ್ಟ ಮೋಶೆ ಮೂಡಿಗೆರೆ ಕಡೆ ಬಂದಿದ್ದರೆ ಒಂದು ತಿದ್ದುಪಡಿ ತರಬೇಕಾಗ್ತಿತ್ತು.)

ಮಿಷನ್ ಸೇವೆಯ ಕೊನೇ ಆರು ತಿಂಗಳು ಅಂದರೆ ಈ ಸ್ಟ್ರಿಪ್ಪಿಂಗ್. ಬಿಟ್ಟುಹೋದ ಹಣ್ಣುಗಳಲ್ಲಿ ಅತಿ ಕೆಟ್ಟದ್ದು ಬಾಯಿಮಾತಿನ ಆಶ್ವಾಸನೆ. ಜರ್ಮನಿಯ ಸ್ನೇಹಿತರೊಬ್ಬರು ಕಳಿಸ್ತಿದ್ದ ದುಡ್ಡಲ್ಲಿ ಸಿಸ್ಟರ್ ಮೂರು ಹುಡುಗಿಯರ ಫೀಸು ಕಟ್ಟುತ್ತಿರ್ತಾರೆ. ಯಾವ ಪುಸ್ತಕದಲ್ಲೂ ಅದು ಇರಲ್ಲ, ಸಿಸ್ಟರ್ ತಲೆಯಲ್ಲಿ ಮಾತ್ರ ಇರುತ್ತೆ. ಸಿಸ್ಟರ್ ಹೊರಟ ಮೇಲೆ ಎರಡನೇ ಕಂತು ಬರಲ್ಲ, ಹುಡುಗಿಯ ತಾಯಿ ಹೊಸ ಸಿಸ್ಟರ್ ಹತ್ತಿರ ಬರ್ತಾರೆ, ಅವರಿಗೆ ಇದರ ಗಂಧಗಾಳಿಯೂ ಗೊತ್ತಿಲ್ಲ. ಹಳೇ ಸಿಸ್ಟರ್ ದೇವತೆ, ಹೊಸಬರು ಕಟುಕಿ ಅನ್ನೋ ಮಾತು ಅಲ್ಲಿಂದ ಶುರು. ಆದ್ದರಿಂದ ಇಂಥ ಪ್ರತಿಯೊಂದು ನೆರವನ್ನೂ ಒಂದು ಹಾಳೆಯಲ್ಲಿ ಬರೆಯಬೇಕು: ಯಾರಿಗೆ, ಎಷ್ಟು, ಯಾರಿಂದ, ಯಾವ ತಿಂಗಳ ತನಕ. ನಿಲ್ಲೋದಾದರೆ ನಿಲ್ಲುತ್ತೆ ಅಂತ ಆ ಮನೆಗೆ ಆರು ತಿಂಗಳು ಮುಂಚೆಯೇ, ಕೊಟ್ಟ ಕೈಯೇ ಹೋಗಿ ಹೇಳಬೇಕು. ಇಷ್ಟು ಕಷ್ಟದ ಕೆಲಸವನ್ನ ಉತ್ತರಾಧಿಕಾರಿಗೆ ಬಿಡೋದು ಕೃತಘ್ನತೆ.

ಊರು ಬಿಟ್ಟ ಮೇಲೂ ಪ್ರೀತಿಯಿಂದ ದುಡ್ಡು ಕಳಿಸ್ತಾ ಇರೋರು ಉಂಟು. ನಮ್ಮ ದೇಶಕ್ಕೆ ಕಳಿಸೋದಾದರೆ ಹಾಗೆ ಯಾರೋ ಪರಿಚಯದವರ ಖಾತೆಗೆ ಹಾಕಿ ಸಂಸ್ಥೆಯ ಕೆಲಸಕ್ಕೆ ಬಳಸಿ ಅನ್ನೋಕಾಗಲ್ಲ. ವಿದೇಶಿ ದೇಣಿಗೆಗೆ ಸಂಸ್ಥೆಯ ಹೆಸರಲ್ಲಿ ನೋಂದಣಿ ಇರಬೇಕು. 2020ರ ತಿದ್ದುಪಡಿ ಆದ ಮೇಲೆ ದುಡ್ಡು ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ, ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗೂ ಇಲ್ಲ. ವಾತ್ಸಲ್ಯದಿಂದ ಕಳಿಸಿದ ಐವತ್ತು ಸಾವಿರ, ಕೊನೆಗೆ ಊರಲ್ಲಿದ್ದವರ ಕೊರಳಿಗೆ ಸುತ್ತಿಕೊಳ್ಳಬಹುದು.

ಇನ್ನು ರಿಜಿಸ್ಟರುಗಳು. ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ, ಮರಣಕ್ಕೆ ಪುಸ್ತಕ ಇರಲೇಬೇಕು ಅನ್ನೋದು ಕಥೋಲಿಕ ಸಭೆಯ ಕಾನೂನು. ದೀಕ್ಷಾಸ್ನಾನದ ದಾಖಲೆಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಊರು, ತಂದೆ ತಾಯಿ, ಜ್ಞಾನ ತಂದೆ ತಾಯಿ, ಕೊಟ್ಟ ಗುರು, ಸ್ಥಳ, ತಾರೀಖು, ಎಲ್ಲ ಬರಬೇಕು. ತಪ್ಪೋದು ಎಲ್ಲಿ ಅಂದರೆ ಕಿವಿಯಲ್ಲಿ. ಪರದೇಶದ ಗುರು ತನಗೆ ಕೇಳಿಸಿದಂತೆ, ಇಲ್ಲವೇ ಲ್ಯಾಟಿನ್ನಿಗೆ ತಿರುಗಿಸಿ ಬರೆದುಬಿಡ್ತಾರೆ. ನಮ್ಮ ಕಡೆಯ ರಾಯಪ್ಪ ಅಂದರೆ ಪೇತ್ರ, ಚಿನ್ನಪ್ಪ ಅಂದರೆ ಪೌಲ, ಇನ್ನಾಸಪ್ಪ ಅಂದರೆ ಇಗ್ನೇಷಿಯಸ್, ಚೌರಪ್ಪ ಅಂದರೆ ಕ್ಸೇವಿಯರ್. ರೇಷನ್ ಕಾರ್ಡಲ್ಲಿ ರಾಯಪ್ಪ, ಪುಸ್ತಕದಲ್ಲಿ ಪೇತ್ರುಸ್ ಅಂತ ಇದ್ದರೆ ಮೊಮ್ಮಗ ಎಲ್ಲಿ ಅಂತ ಹುಡುಕಬೇಕು? ತಾಂಜಾನಿಯಾದಲ್ಲಿರೋ ನಮ್ಮ ಸಿಸ್ಟರ್, ಫಾದರ್‌ಗಳೂ ಇದೇ ತಪ್ಪನ್ನ ಅಲ್ಲಿಯ ಹೆಸರುಗಳ ಜೊತೆ ಮಾಡಬಲ್ಲರು. ಹೊರಡೋ ಮುಂಚೆ ಊರಿನ ಹಿರಿಯರೊಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಕಡೇ ಹತ್ತು ವರ್ಷದ ಹೆಸರುಗಳನ್ನ ಒಂದೊಂದಾಗಿ ಗಟ್ಟಿಯಾಗಿ ಓದಬೇಕು. ತಪ್ಪಿದ್ದರೆ ಹಳೆಯದನ್ನ ಉಜ್ಜಿ ಅಳಿಸದೆ, ಅಂಚಿನಲ್ಲಿ ಸರಿಯಾದದ್ದನ್ನ ಬರೆದು, ಸಹಿ ತಾರೀಖು ಹಾಕಬೇಕು. ಪೆನ್ಸಿಲ್ಲಿನಲ್ಲಿ ಬರೆದು "ಆಮೇಲೆ ಇಂಕ್ ಮಾಡ್ತೀನಿ" ಅಂತ ಬಿಟ್ಟ ಸಾಲುಗಳು ಆಗ ಕಣ್ಣಿಗೆ ಬೀಳ್ತವೆ. ಹತ್ತು ವರ್ಷದ ಹೆಸರುಗಳನ್ನ ಹೀಗೆ ಗಟ್ಟಿಯಾಗಿ ಓದಿ ಮುಗಿಸೋ ಹೊತ್ತಿಗೆ ಯಾರಿಗೆ ಏನು ಋಣ ಅನ್ನೋದು ತಾನಾಗೇ ನೆನಪಿಗೆ ಬಂದಿರುತ್ತೆ, ಅದಕ್ಕೆ ಬೇರೆ ಧ್ಯಾನಕೂಟ ಬೇಕಿಲ್ಲ.

ಬ್ಯಾಂಕು ಮತ್ತು ಜಮೀನಿನ ಮಾತು ಬೇಗ ಮುಗಿಸ್ತೀನಿ. ಖಾತೆಯ ಸಹಿದಾರರನ್ನ ಬದಲಾಯಿಸೋ ನಿರ್ಣಯ, ಹೊಸಬರ ಮಾದರಿ ಸಹಿ, ಕೆವೈಸಿ, ಇವೆಲ್ಲ ಎರಡು ತಿಂಗಳು ಮುಂಚೆ ಆಗಿ, ಹೊಸ ಸಹಿಯಲ್ಲಿ ಕಡೇಪಕ್ಷ ಒಂದು ಚೆಕ್ ಪಾಸಾಗೋದನ್ನ ನೋಡಿ ಹೊರಡಬೇಕು. ಜಮೀನಿದ್ದರೆ ಪಹಣಿ, ಮ್ಯುಟೇಷನ್, ಕಂದಾಯ ರಸೀದಿ, ಸರ್ವೆ ನಕ್ಷೆ ಒಂದೇ ಕಡತದಲ್ಲಿ. ಕಡತ ಕೊಟ್ಟರೆ ಸಾಲದು, ಹಳೇ ವಾಚ್‌ಮನ್ ಜೊತೆ ಹೊಸಬರನ್ನ ಕರಕೊಂಡು ಬಾಂದುಕಲ್ಲಿಂದ ಬಾಂದುಕಲ್ಲಿಗೆ ನಡೆಯಬೇಕು. ಲಾಂಟಾನಾ ಪೊದೆ ಸವರದೆ ಕಲ್ಲು ಕಾಣೋದಿಲ್ಲ.

ಡಿಸ್ಪೆನ್ಸರಿಯಲ್ಲಿ ಉಳಿಯೋ ಹಣ್ಣು ಬೇರೆ ಜಾತಿಯದು, ಅದು ಕೈಯಲ್ಲಿರೋ ವಿದ್ಯೆ. ಕರೆಂಟಿಲ್ಲದ ಊರಲ್ಲಿ ಸೀಮೆಎಣ್ಣೆ ಅಥವಾ ಗ್ಯಾಸಿನ ಫ್ರಿಜ್ಜಲ್ಲಿ ಲಸಿಕೆ ಇಟ್ಟಿರ್ತಾರೆ. ಒಳಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು, ಬೆಳಿಗ್ಗೆ ಸಂಜೆ ಎರಡು ಹೊತ್ತು ಥರ್ಮಾಮೀಟರ್ ನೋಡಿ ಪಟ್ಟಿಯಲ್ಲಿ ಬರೆಯಬೇಕು. ಬತ್ತಿಯ ಉರಿ ಹಳದಿಗೆ ತಿರುಗಿ ಮಸಿ ಕಟ್ಟಿತು ಅಂದರೆ ತಂಪು ಇಳಿಯಿತು ಅಂತ ಹದಿನೈದು ವರ್ಷ ನೋಡಿದ ಸಿಸ್ಟರಿಗೆ ಗೊತ್ತು, ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಸಾಮಾನ್ಯವಾಗಿ ಇವರು ಮಾಡಿ ತೋರಿಸ್ತಾರೆ, ಹೊಸಬರು ತಲೆ ಆಡಿಸ್ತಾರೆ, ಮೂರನೇ ವಾರ ಲಸಿಕೆ ಹಾಳಾಗುತ್ತೆ. ತಿರುಗಾಮುರುಗಾ ಮಾಡಬೇಕು. ಮೊದಲ ವಾರ ಇವರು ಮಾಡಲಿ ಅವರು ನೋಡಲಿ, ಎರಡನೇ ವಾರ ಇಬ್ಬರೂ ಸೇರಿ, ಆಮೇಲೆ ಪೂರ್ತಿ ಒಂದು ತಿಂಗಳು ಹೊಸಬರು ಮಾಡಲಿ, ಹಳಬರು ಕೈಕಟ್ಟಿ ಕೂರಲಿ. ಕೈಕಟ್ಟಿ ಕೂರೋದೇ ಅವರಿಗೆ ಬಹಳ ಕಷ್ಟ. ಔಷಧಿಯ ದಾಸ್ತಾನಿನಲ್ಲಿ ಅವಧಿ ಬೇಗ ಮುಗಿಯೋದನ್ನ ಮುಂದಿನ ಸಾಲಿಗೆ ತಂದಿಟ್ಟು, ಮುಗಿದುಹೋದದ್ದನ್ನ ತಾವಿದ್ದಾಗಲೇ ವಿಲೇವಾರಿ ಮಾಡಿ ಹೋಗಬೇಕು. ದೂರದ ದೇಶದ ದಾನಿಗಳು ಕಳಿಸಿದ್ದು ಅಂತ ಎಸೆಯೋಕೆ ಮನಸ್ಸು ಬರದೆ ಬೀರುವಿನಲ್ಲಿ ಉಳಿದ ಡಬ್ಬಿಗಳು, ಪಾಪ, ಪ್ರತಿ ಮಿಷನ್ನಿನಲ್ಲೂ ಸಿಗ್ತವೆ.

ಆಯಾಗೆ ಕೊಡಬೇಕಾದ ಧನ್ಯವಾದ

ಹಳ್ಳಿಯ ಕನ್ನಡದಲ್ಲಿ ಧನ್ಯವಾದ ಅನ್ನೋ ಪದದ ಬಳಕೆ ಕಡಿಮೆ. ಉಂಡ ಮನೆಯವರಿಗೆ ಯಾರೂ ಧನ್ಯವಾದ ಹೇಳಲ್ಲ, "ಅನ್ನದ ಋಣ" ಅಂತಾರೆ. ಋಣ ಅಂದಮೇಲೆ ಅದಕ್ಕೊಂದು ಲೆಕ್ಕ ಇರುತ್ತೆ. ಮಿಷನ್ ಆಸ್ಪತ್ರೆಯಲ್ಲಿ 22 ವರ್ಷ ನೆಲ ಒರೆಸಿದ ಆಯಾಗೆ ವೇದಿಕೆ ಮೇಲಿಂದ "ನಮ್ಮ ಕುಟುಂಬದ ಸದಸ್ಯೆ" ಅಂತ ಹೇಳಿ, ಕೈಗೊಂದು ಸೀರೆ ಕೊಟ್ಟು ಕಳಿಸೋದು ಸುಲಭ. ಹತ್ತು ಜನ ಅಥವಾ ಹೆಚ್ಚು ಕೆಲಸ ಮಾಡೋ ಸಂಸ್ಥೆಗೆ 1972ರ ಗ್ರಾಚ್ಯುಟಿ (ಸೇವೆ ಮುಗಿದಾಗ ಕೊಡೋ ಇಡಿಗಂಟು) ಕಾಯ್ದೆ ತಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರೋ ಲೆಕ್ಕ ಬೇರೆ ಇದೆ: ಕೊನೇ ತಿಂಗಳ ಸಂಬಳವನ್ನ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಸಂಬಳ 12,000 ರೂಪಾಯಿ ಇದ್ದು, 22 ವರ್ಷ ಆಗಿದ್ದರೆ 1,52,308 ರೂಪಾಯಿ. ಆಸ್ಪತ್ರೆಯೋ ಶಾಲೆಯೋ ಮುಚ್ಚುವಾಗ ಈ ದುಡ್ಡನ್ನ ತೆಗೆದಿಡದೆ ಕೃತಜ್ಞತಾ ಬಲಿಪೂಜೆ (ಚರ್ಚಿನ ಪೂಜೆ) ಮಾಡಿಸಿದರೆ ಆ ಹಾಡು ಎಷ್ಟು ದೂರ ಕೇಳುತ್ತೋ ಗೊತ್ತಿಲ್ಲ. ಗುರುಮನೆಯಲ್ಲಿ ಅಡುಗೆಗಿದ್ದ ಒಬ್ಬರೇ ಹೆಂಗಸಿಗೆ ಈ ಕಾಯ್ದೆ ಮುಟ್ಟದೆ ಇರಬಹುದು. ಹೊರಡೋರು ಅದೇ ಲೆಕ್ಕವನ್ನ ತಾವೇ ಹಾಕಿ, ಬೇರೆಯವರಿಗೆ ಹೊರೆ ಆಗದಂತೆ ವರ್ಷ ವರ್ಷವೂ ಪೋಸ್ಟಾಫೀಸಿನಲ್ಲಿ ಕಟ್ಟುತ್ತಾ ಬಂದಿದ್ದರೆ ಅಂಥವರನ್ನ ನಾನು ಸಂತರ ಪಟ್ಟಿಗೆ ಸೇರಿಸ್ತೀನಿ, ಅದ್ಭುತ ಬೇಕಿಲ್ಲ.

ಫಿಲಿಪ್ಪಿಯವರಿಗೆ ಪೌಲ ಬರೆದ ವಂದನೆಯೂ ಹೀಗೇ ಅಂಗಡಿ ಲೆಕ್ಕದ ಭಾಷೆಯಲ್ಲಿದೆ. ಕೊಡುವ ಕೊಳ್ಳುವ ವಿಷಯದಲ್ಲಿ ನನ್ನ ಜೊತೆ ನಿಂತವರು ನೀವೊಬ್ಬರೇ ಅಂತಾನೆ. ನನಗೆ ಎಲ್ಲ ಸಂದಿದೆ ಅನ್ನೋ ಜಾಗದಲ್ಲಿ ಬಳಸಿದ ಗ್ರೀಕ್ ಪದ ಆ ಕಾಲದ ರಸೀದಿಗಳಲ್ಲಿ ಬರೆಯುತ್ತಿದ್ದ ಪದ. ಪೂರ್ತಿ ಪಾವತಿಯಾಗಿದೆ, ಅಷ್ಟೇ.

ವಾಪಸ್ ಬಂದ ಮೇಲೆ

ಬಂದವರು ಮೊದಲ ಆರು ತಿಂಗಳು "ನಮ್ಮಲ್ಲಿ" ಅಂದರೆ ಆಫ್ರಿಕಾ ಅಂತ ಅರ್ಥ ಮಾಡಿಕೊಳ್ಳಬೇಕು. "ನಮ್ಮಲ್ಲಿ ಮಳೆ ಇಷ್ಟು ಹೊತ್ತಿಗೆ ನಿಲ್ಲುತ್ತೆ" ಅಂತ ಅವರು ಚಿಕ್ಕಮಗಳೂರಿನ ಜುಲೈನಲ್ಲಿ ಕೂತು ಹೇಳ್ತಾರೆ. ತಿದ್ದಬಾರದು. ಪೌಲ ಬಾರ್ನಬರು ಅಂತಿಯೋಕ್ಯಕ್ಕೆ ಮರಳಿದಾಗ ಸಭೆಯನ್ನೆಲ್ಲ ಕೂಡಿಸಿ ನಡೆದದ್ದನ್ನ ಹೇಳಿದರು ಅಂತಿದೆ. ಕೇಳೋಕೆ ಕೂತವರೂ ಇದ್ದರು ಅಂತಾಯ್ತಲ್ಲ. ನಮ್ಮಲ್ಲಿ ಅಕ್ಟೋಬರಿನ ಮಿಷನ್ ಭಾನುವಾರ ಹತ್ತು ನಿಮಿಷ ಕೊಡ್ತಾರೆ, ಅದರಲ್ಲೂ ಬಡತನದ ಫೋಟೋ ತೋರಿಸಿ ಕಾಣಿಕೆ ಎತ್ತೋ ಆಸೆ. "ಪಾಪ ಅಲ್ಲಿನ ಜನ" ಅಂತ ಶುರುವಾದ ಮಾತು ಕೃತಜ್ಞತೆಯ ಕಡೆ ಹೋಗೋದೇ ಇಲ್ಲ. ಮಲೇರಿಯಾ ಬಂದಾಗ ತಮಗೆ ಗಂಜಿ ಕಾಸಿಕೊಟ್ಟವರು ಯಾರು, ಸ್ವಾಹಿಲಿ ತಪ್ಪಿದಾಗ ನಗದೆ ತಿದ್ದಿದವರು ಯಾರು ಅಂತ ಕೇಳಬೇಕು. ಆಗ ಹೆಸರುಗಳು ಬರ್ತವೆ.

ಹಿಂತಿರುಗಿ ನೋಡಿಬರೋ ಆಸೆ ಎಲ್ಲರಿಗೂ ಇರುತ್ತೆ. ಮೊದಲ ಒಂದೆರಡು ವರ್ಷ ಹೋಗದೆ ಇದ್ದರೆ ಹೊಸಬರು ಬೇರು ಬಿಡ್ತಾರೆ. ಅಲ್ಲಿನ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಬರಬೇಕು. ಅಲ್ಲಿ ಉಳಿದು ಪ್ರತಿ ತೀರ್ಮಾನದ ಕೆಳಗೂ ಕೈಮುಗಿಯೋ ಚಿತ್ರ ಹಾಕ್ತಾ ಇದ್ದರೆ, ಅದೂ ಒಂದು ಓಟೇ.

ಕೊನೇ ವಾರಕ್ಕೆ ಉಳಿಯಬೇಕಾದ್ದು ಮನೆ ಮನೆಗೆ ಹೋಗಿ ಕೂರೋದು ಮತ್ತು ಬೀಗದಕೈ ಗೊಂಚಲು, ಎರಡೇ. ಹನ್ನೊಂದು ಶಾಲು ವಿಮಾನಕ್ಕೆ ಭಾರ, ಒಬ್ಬರಿಗೆ ಎರಡು ಪೆಟ್ಟಿಗೆ ತಲಾ 23 ಕಿಲೋ ಬಿಟ್ಟರೂ ಪುಸ್ತಕಗಳೇ ಅರ್ಧ ತಿನ್ನುತ್ತವೆ. ಶಾಲುಗಳನ್ನ ವಾರ್ಡಿನ ಮುದುಕಿಯರಿಗೆ ಹಂಚೋದು ವಾಡಿಕೆ. ಬೀಗದಕೈಗಳಿಗೆ ಒಂದೊಂದಕ್ಕೂ ರಟ್ಟಿನ ಚೀಟಿ ಕಟ್ಟಿ, ಊರಿನ ಭಾಷೆಯಲ್ಲೇ ಬರೆಯಬೇಕು: ಔಷಧಿ ಬೀರು, ಜನರೇಟರ್ ಕೋಣೆ, ನೀರಿನ ಟ್ಯಾಂಕು, ಕಾಣಿಕೆ ಪೆಟ್ಟಿಗೆ. ಪ್ರತಿ ಗೊಂಚಲಲ್ಲೂ ಯಾವ ಬೀಗಕ್ಕೂ ಕೂರದ ಒಂದೆರಡು ಕೈ ಉಳಿದಿರ್ತವೆ, ತಮಗಿಂತ ಹಿಂದಿನವರು ಕೊಟ್ಟುಹೋದದ್ದು, ಎಸೆಯೋಕೆ ಇಷ್ಟು ವರ್ಷ ಧೈರ್ಯ ಬರದೆ ಇದ್ದದ್ದು. ಅವಕ್ಕೂ ಚೀಟಿ ಕಟ್ಟಿ "ಯಾವುದಕ್ಕೆ ಅಂತ ನನಗೂ ಗೊತ್ತಿಲ್ಲ" ಅಂತ ಬರೆದು, ತಾರೀಖು ಹಾಕಿ ಹೊಸಬರ ಕೈಗೆ ಕೊಡಬೇಕು.